ಸೋನಖತದ ಗಾಡಿ

ಕಂದೀಲು ಸಣ್ಣ ಮಾಡ್ರಿ, ಹೇಳತೀನಿ. ಕಟ್ಟಿದ ಕತಿ ಅಲ್ಲ ಇದು. ಅರವತ್ತೆರಡರಾಗ ನಮ್ಮ ಕಾಕಾನ ಮಗ ಅರಕೇರಿ ಧೂಳಪ್ಪಗ ಆದದ್ದು.

ಆಗ ವಿಜಾಪುರದ ಪಾಯಖಾನಿ ಹೊಲಸು, ಕಸಾ ಎಲ್ಲಾ ಊರ ಹೊರಗ ಗುಂಡಿಯಾಗ ಪದರ ಪದರ ಹಾಕಿ ಮುಚ್ಚತಿದ್ರು. ಆರು ತಿಂಗಳಿಗೆ ಕಳಿತು ಗೊಬ್ಬರ ಆಗತಿತ್ತು. ಸೋನಖತ ಅಂತಿದ್ವಿ. ಗುಂಡಿ ಕಾಯಾಕಿ ಮಾಳವ್ವ ಅಂತ ಮುದುಕಿ. ಕಬ್ಬಿಣದ ಸರಳು ಗುಂಡಿಗೆ ಚುಚ್ಚಿ, ಹೊರಗ ಜಗ್ಗಿ ಮುಟ್ಟಿ ನೋಡಾಕಿ. ಸರಳು ಬಿಸಿ ಇದ್ರ ಇನ್ನೂ ಕಳಿತಿಲ್ಲ ಅಂತ ಒಂದ ಬುಟ್ಟೀನೂ ಕೊಡತಿರಲಿಲ್ಲ.

ಆಕಿ ಸತ್ತು ಎಂಟ ದಿನ ಆಗಿತ್ತು, ಧೂಳಪ್ಪಗ ಗೊತ್ತಿತ್ತು. ಮರುದಿನ ತಂಗಿ ರೇಣವ್ವನ್ನ ನೋಡಾಕ ವಿಜಾಪುರದ ಸ್ಟೇಷನ್ ರಸ್ತೆ ಮಂದಿ ಬರೂರಿದ್ರು. ಆಗಲೇ ಎರಡ ಸಂಬಂಧ ತಪ್ಪಿದ್ವು. ಹೊಲಸಿನ ಗಾಡಿ ಅವರ ಕಣ್ಣಿಗೆ ಬಿದ್ರ ಇದೂ ಹೋತು ಅಂತ ಇವಗ ಹೆದರಿಕಿ. ಮಳಿ ಬ್ಯಾರೆ ತಲಿಮ್ಯಾಲ ನಿಂತಿತ್ತು, ಅದಕ್ಕಿಂತ ಮೊದಲ ಗೊಬ್ಬರ ಹೊಲಕ್ಕ ಬೀಳಬೇಕಿತ್ತು. ಅದಕ್ಕ ರಾತ್ರ್ಯಾಗ ಹೋಗಿ, ಕೈಗೆ ಸಿಕ್ಕ ಗುಂಡಿ ಅಗದು ತುಂಬಿಕೊಂಡ, ನಮ್ಮ ಶಾಣ್ಯಾ.

ಬರೂಮುಂದ ಆಲದ ಗಿಡದ ಬಾವಿ ಹತ್ರ... ಗರ್ರ್... ಗರ್ರ್... ಹಿಂದ ಕಬ್ಬಿಣ ಕಲ್ಲಿಗೆ ತಿಕ್ಕೂ ಸಪ್ಪಳ. ಗಾಡಿ ನಿಲ್ಲಿಸಿದ. ಅದೂ ನಿಂತಿತು. ಗಾಡಿ ಹೊಡದ. ಗರ್ರ್...

ಆಮ್ಯಾಲ ಗೊಬ್ಬರದಾಗ ಏನೋ ಚುಚ್ಚಿತು... ಕಚಕ್.

"ಧೂಳಪ್ಪಾ, ಕಳಿತಿಲ್ಲೋ. ಹೊಳ್ಳಿ ಒಯ್ಯಿ."

ಮಾಳವ್ವನ ದನಿ. ಇಂವ ಹಿಂದ ನೋಡಲಾರದ ಅಂದ.

"ಬೆಳಗಾದ್ರ ಮಂದಿ ನೋಡತಾರಬೇ..."

"ಬೆಳಿ ಸುಟ್ಟ ಹೋಗತೈತಿ. ಹೊಳ್ಳು."

ಎತ್ತಿಗೆ ಬಾರಕೋಲು ಮುರಿಯೂಹಂಗ ಹೊಡದ. ಅವು ಕಾಲ ಕೀಳಲಿಲ್ಲ. ಬೆಳ್ಳಿಚಿಕ್ಕಿ ಮೂಡೂತನಾ ಅಲ್ಲೇ ನಿಂತ್ವು. ಕಡೀಕ ಗಾಡಿ ವಿಜಾಪುರದ ಕಡೆ ಹೊಳ್ಳಿಸಿದ. ಆಗ ಸರಸರ ನಡದ್ವು.

ಹೊತ್ತ ಹೊಂಟಾಗ ಎದುರಿಗೆ ವಿಜಾಪುರದ ಜಿಲಾನಿ ಹೊಡಿಯೂ ಟಾಂಗಾ ಬಂತು. ಒಳಗ ರೇಣವ್ವನ್ನ ನೋಡಾಕ ಹೊಂಟ ಹುಡುಗನ ಅಪ್ಪ ಸಿದ್ದರಾಯ. ಧೂಳಪ್ಪ ಮುಖದ ಮ್ಯಾಲ ಟವೆಲ್ ಎಳಕೊಂಡ್ರೂ ಅಂವ ಗುರುತ ಹಿಡದ.

"ಸೋನಖತ ಏನಪಾ? ನಮ್ಮೂರಿಂದನ ಅಲ್ಲೇನು ಅದು. ಮುಖಾ ಯಾಕ ಮುಚ್ಚಕೊಂತಿ?"

ಧೂಳಪ್ಪಗ ಹೋದ ಜೀವ ಬಂತು. ಅಷ್ಟರಾಗ ಸಿದ್ದರಾಯ ಗಾಡಿ ಹಿಂದ ನೋಡಿದ. ಮುಖ ಗಂಟಾತು.

"ನೀ ಮ್ಯಾಲ ಆರಾಮ ಕುಂತು, ಆ ಮುದುಕಿನ್ನ ಹಿಂದ ನಡಸ್ಕೊಂಡು ಬರಾಕತ್ತೀಯಲ್ಲ. ಇಂಥಾ ಮನಿ ಹೆಣ್ಣು ನಮಗ ಬ್ಯಾಡ."

ಧೂಳಪ್ಪ ಹೊಳ್ಳಿ ನೋಡಿದ. ಬರೇ ರಸ್ತೆ.

ಟಾಂಗಾ ಹೊಳ್ಳಿ ವಿಜಾಪುರಕ್ಕ ತಿರುಗಿತು. ರೇಣವ್ವ ಅವತ್ತು ಮಧ್ಯಾಹ್ನದತನಾ ಹೊಸ ಸೀರಿ ಉಟ್ಟು ಕುಂತಿದ್ಲು.

ನಂಬ್ರಿ, ಬಿಡ್ರಿ. ಜಿಲಾನಿನ್ನ ನಾ ಖುದ್ದ ಕೇಳೇನಿ, ಅಂವ ಸುಳ್ಳ ಹೇಳೂ ಮನಿಷ್ಯಾ ಅಲ್ಲ. ಅಂವ ಟಾಂಗಾ ತಿರುಗಿಸೂಮುಂದ ಆ ಮುದುಕಿ ಬಾಜೂಕ ಸರದು ನಿಂತು, ಬೀಗರ ಮುಂದ ಸೆರಗು ತಲಿಮ್ಯಾಲ ಎಳಕೊಂಡ್ಲಂತ.