ಬೀಗ ಇಲ್ಲದ ಫೋನು

…ಒತ್ತಿ ಅತ್ತೆ, ಇನ್ನೊಂದ್ಸಲ ಒತ್ತಿ. ಇದಕ್ಕೇನು ಬೀಗ ಇದ್ಯಾ? ನಿಮ್ಮ ಮಗ ಆ ಹಳೇ ಕಪ್ಪು ಫೋನ್ ತೆಗೆಸಿ, ಆಸೆಪಟ್ಟು ಬಟನ್ ಸೆಟ್ ತಂದಿದ್ದಾರೆ. ತೂತಿಗೆ ಬೆರಳು ಹಾಕಿ ತಿರುಗಿಸೋ ಕಷ್ಟವೇ ಇಲ್ಲ. ಹೂಂ, ಗೋರೆಗಾಂವ್ ನಂಬರು… ಹಾಗೇ. ಪೀಂ ಪೀಂ ಅಂತ ಎಷ್ಟು ಚೆನ್ನಾಗಿ ಹಾಡತ್ತೆ ನೋಡಿ.

ಹೋಗ್ಲಿಲ್ವಾ? ಪಾಪ.

ನನ್ನ ಯಾಕೆ ನೋಡ್ತೀರಿ? ನಮ್ಮ ವಡಾಲದ ಲೈನೇ ಹೀಗೆ. ಗೊತ್ತು, ಗೊತ್ತು… ಸುಬ್ಬಲಕ್ಷ್ಮಿಗೆ ಒಂಬತ್ತು ತಿಂಗಳು ತುಂಬಿದೆ, ರಾತ್ರಿಯಿಂದ ಸೊಂಟ ನೋವು ಅಂತ ಬೆಳಿಗ್ಗೆ ಅಳಿಯಂದಿರು ಆಫೀಸಿಂದ ಫೋನ್ ಮಾಡಿ ಹೇಳಿದ್ರು, ನಿಮಗೆ ಮಗಳ ದನಿ ಕೇಳಬೇಕು. ಅವಳೇ ಮಾಡ್ಲಿ ಅಂದ್ರೆ ಅವಳತ್ತೆ ಡಯಲಿಗೆ ಬೀಗ ಜಡಿದಿದ್ದಾರಲ್ಲ. ಯಾಕೆ ಮುಖ ಸಣ್ಣ ಮಾಡ್ಕೊಂಡ್ರಿ? ಆ ಉಪಾಯ ಹೇಳಿಕೊಟ್ಟಿದ್ದು ನೀವೇ ತಾನೇ? ಸೊಸೆಯಂದಿರ ಕೈಗೆ ಫೋನ್ ಸಿಕ್ಕರೆ ತವರುಮನೆ ಪುರಾಣ ಮುಗಿಯಲ್ಲ ಅಂತ ಇದೇ ಸೋಫಾದಲ್ಲಿ ಕೂತು ಇಬ್ಬರೂ ನಕ್ಕಿದ್ರಿ. ಕಾಫಿ ಕೊಟ್ಟಿದ್ದು ನಾನು.

ನನ್ನಪ್ಪ ಭಾಂಡುಪ್‌ನಲ್ಲಿ ಎದೆ ಹಿಡ್ಕೊಂಡು ಮಲಗಿದ್ದಾಗ ಆ ಕಪ್ಪು ಫೋನಿನ ಬೀಗದಕೈ ಎಲ್ಲಿತ್ತು, ನೆನಪಿದ್ಯಾ? ನಿಮ್ಮ ಸೆರಗಿನ ತುದೀಲಿ. ಒಂದೇ ಒಂದು ಕಾಲ್, ಪಕ್ಕದ ಮನೆಯವರು ಅಮ್ಮನ್ನ ಕರೀತಾರೆ, ಎರಡೇ ಮಾತು ಅಂತ ಬೇಡಿದೆ. ನೀವು ಬತ್ತಿ ಹೊಸೀತಾ ಇದ್ರಿ. ತಲೆ ಕೂಡ ಎತ್ತಲಿಲ್ಲ. "ನಾಳೆ ಮಾಡಿದ್ರಾಯ್ತು" ಅಂದ್ರಿ. ನೋವು ಅಷ್ಟು ಜೋರಾಗಿದೆ ಅಂತ ಗೊತ್ತಾಗಿದ್ರೆ ಆವಾಗ್ಲೇ ಲೋಕಲ್ ಟ್ರೈನ್ ಹತ್ತುತ್ತಿದ್ದೆ. ಮಾರನೇ ದಿನ ಹೋದಾಗ ಅಪ್ಪನ ಮೂಗಿಗೆ ಹತ್ತಿ ಇಟ್ಟಿದ್ರು.

ಬಿಡಿ… ಹಳೇ ಮಾತು. ನನಗೆ ಸೇಡು ಗೀಡು ಏನೂ ಇಲ್ಲಪ್ಪ. ಒತ್ತಿ, ಒತ್ತಿ.

ಕೆಳಗೆ ಕಾಂತಪ್ಪನ ಹೋಟೆಲಿಂದ ಮಾಡಬಹುದಿತ್ತು. ಏನ್ಮಾಡೋದು, ಲಿಫ್ಟ್ ಕೆಟ್ಟಿದೆ, ನಿಮಗೆ ಮಂಡಿ ನೋವು. ನಾನಾ? ನನಗೆ ದೋಸೆಗೆ ರುಬ್ಬೋದಿದೆ. ನಿಮ್ಮ ಮಗ ನಾಸಿಕ್‌ನಿಂದ ನಾಳೆ ಬರ್ತಾರೆ. ನಾಳೆ ಮಾಡಿದ್ರಾಯ್ತು.

ಅಯ್ಯೋ, ಸೆಟ್ ಯಾಕೆ ಬೋರಲು ಹಾಕಿದ್ರಿ? ವೈರ್ ಕಿತ್ತುಬರತ್ತೆ… ಅದಾ? ಅಡೀಲಿ ಅದೇನೋ ಚಿಕ್ಕ ಗುಂಡಿ. ನನಗೇನು ಗೊತ್ತು! ಫೋನ್ ಕೂರಿಸೋಕೆ ಬಂದಿದ್ದ ಈರಣ್ಣನ್ನ ಕೇಳಿ.

ಏನು ಹಾಗೆ ನೋಡ್ತಿದ್ದೀರಿ… ಬೈಯಿರಿ, ಬೈಯಬೇಕು ಅನ್ನಿಸಿದ್ರೆ. ಅತ್ತೆ… ಏನಾದ್ರೂ ಅನ್ನಿ.

ಹೌದು. ಸೆಟ್ ಹೊಸದಾದ್ರೆ ಸಾಲದು, ನಮ್ಮ ಟೆಲಿಫೋನ್ ಎಕ್ಸ್‌ಚೇಂಜ್ ಹಳೇದು, ಅದಕ್ಕೆ ಹೊಂದಬೇಕು ಅಂದಿದ್ದ ಈರಣ್ಣ. ಗುಂಡಿ ಈ ಕಡೆ ಇದ್ರೆ ನಂಬರ್ ಹೋಗತ್ತೆ, ಆ ಕಡೆ ಇದ್ರೆ ಬರೀ ಪೀಂ ಪೀಂ. ಅವನು ಸರಿಯಾಗೇ ಇಟ್ಟು ಹೋಗಿದ್ದ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಸರಿಸಿದ್ದು ನಾನು. ನಾನೇ! ಹೊಟ್ಟೆ ಉರಿದು ಸರಿಸಿದೆ.

ನಿಮ್ಮ ಬೆರಳ ಕೆಳಗೇ ಇದ್ಯಲ್ಲ, ಸರಿಸ್ಕೊಳ್ಳಿ. ಮಾತಾಡಿ ಮಗಳ ಹತ್ರ… ಸೆಟ್ ನನ್ನ ಕೈಗೆ ಯಾಕೆ ಕೊಡ್ತಿದ್ದೀರಿ? ನಾನೇ ಸರಿಸ್ಬೇಕಾ?

ಇಲ್ಲ. ಸುಮ್ನೆ ಕೈ ಚಾಚಿದ್ರೆ ಆಗಲ್ಲ ಅತ್ತೆ. ಅವತ್ತು ನಾನು ಬಾಯಿಬಿಟ್ಟು ಕೇಳಿದ್ದೆ. ನೀವೂ ಕೇಳಿ.