ಮೊಳೆಗೆ ನೇತಾಡಿದ ಹೆಲ್ಮೆಟ್

ಹೆಲ್ಮೆಟ್ ಅಂಗಡಿಯ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಾ ಕುಳಿತಿದ್ದೆ. ನನ್ನ ಮುಂದೆ ಒಬ್ಬ ಯುವಕನೂ ಅವನ ಅತ್ತಿಗೆಯೂ ನಿಂತಿದ್ದರು. ಅವನ ಕೈಯಲ್ಲಿದ್ದ ಹಳೆಯ ಹೆಲ್ಮೆಟಿನೊಳಗೆ ಟವಲ್ ತುರುಕಲಾಗಿತ್ತು.

"ಅಣ್ಣಂದೇ ಸಾಕು ಅತ್ತಿಗೆ. ಟವಲ್ ಇಟ್ರೆ ಅಲ್ಲಾಡಲ್ಲ."

"ಅವರ ತಲೆ ದೊಡ್ಡದು ಕಣೋ. ಇದನ್ನ ಹಾಕ್ಕೊಂಡ್ರೆ ನೀನು ಕೊಡದೊಳಗಿನ ನಿಂಬೆಹಣ್ಣು."

ಅಂಗಡಿಯವರು ಹೊಸದೊಂದನ್ನು ಅವನ ತಲೆಗೆ ಇಳಿಸಿದರು.

"ಕೆನ್ನೆ ಒತ್ತುತ್ತೆ ಸಾರ್."

"ಒತ್ತಬೇಕಪ್ಪ. ತಲೆ ಅಲ್ಲಾಡಿಸು. ನೋಡು, ತಲೆ ಜೊತೆಗೇ ತಿರುಗ್ತಿದೆ. ಇದೇ ನಿನ್ನ ಅಳತೆ."

"ಆದ್ರೂ ಅಣ್ಣಂದು ಗಟ್ಟಿ ಅತ್ತಿಗೆ. ನೋಡಿ, ಒಂದು ಗೀರೂ ಇಲ್ಲ."

"ಹೇಗಿರುತ್ತೆ? ಅವರು ಗಾಡಿಯಿಂದ ಬಿದ್ದು ತೀರಿಹೋದ್ರಲ್ಲ, ಆ ದಿನ ಅದು ಮನೇಲಿ ಮೊಳೆಗೆ ನೇತಾಡ್ತಿತ್ತು."

ಯುವಕ ಟವಲನ್ನು ಹೊರತೆಗೆದು, ಮಡಿಸಿ ಜೇಬಿನಲ್ಲಿಟ್ಟುಕೊಂಡ.

"ಹೊಸದೇ ಕೊಡಿ ಸಾರ್."

ಬಾಗಿಲ ಬಳಿ ಹೋದವನು ಅಭ್ಯಾಸಬಲದಿಂದ ಹೊಸ ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡ.

"ಮೈದುನರಾಯರೇ, ನಮ್ಮನೇಲಿ ಮೊಳೆ ಒಂದಿದೆ. ನೀವೂ ಮೊಳೆ ಆಗ್ಬೇಡಿ."

ಅವನು ನಕ್ಕು ಅದನ್ನು ತಲೆಗೇರಿಸಿದ. ಬಕಲ್ ಹಾಕಿದ ಸದ್ದು ನನ್ನ ಬೆಂಚಿನವರೆಗೂ ಕೇಳಿಸಿತು. ದೇವರೇ ಕಾಪಾಡು ಎಂದುಕೊಂಡೆ. ಅಷ್ಟರಲ್ಲಿ ಇಬ್ಬರೂ ಬೀದಿಗಿಳಿದಿದ್ದರು.