ಗಾಳ ಇರುವ ಕಡೆ ಮಾತ್ರ

ಗಾಳಗಾರರ ಸಂಘದ ಅಧ್ಯಕ್ಷರಿಗೆ, ಈ ಶ್ರದ್ಧಾಂಜಲಿ ಸಭೆಗೆ ಬಂದು ಕೂತಿರುವ ಹಿರಿಯರಿಗೆ, ಕಿರಿಯರಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅವನ ಹೆಂಡತಿಗೆ, ಮಗಳಿಗೆ, ಅವನ ಅಕ್ಕನಿಗೆ — ನಿಮಗೆ ಬರೀ ನಮಸ್ಕಾರ ಅಂದರೆ ಸಾಲದು, ಬೇರೇನು ಅನ್ನಬೇಕೋ ನನಗೆ ಗೊತ್ತಿಲ್ಲ.

ತೀರಿಹೋದವರನ್ನು ‘ಅವರು’ ಎನ್ನಬೇಕು ಎಂದು ಅಧ್ಯಕ್ಷರು ಈಗ ತಾನೇ ನನ್ನ ಕಿವಿಯಲ್ಲಿ ಹೇಳಿದರು. ಹನ್ನೊಂದು ವರ್ಷ ‘ಲೋ ನೊಣಪ್ಪ’ ಎಂದು ಕೂಗಿದ ಬಾಯಿ ಇದು. ಒಂದೇ ದಿನಕ್ಕೆ ತಿರುಗುವುದಿಲ್ಲ. ಮನ್ನಿಸಿ.

ನನ್ನ ಗುರುತಿಲ್ಲದವರಿಗೆ ಹೇಳುತ್ತೇನೆ — ನಾನು ಅವನ ಜೊತೆ ಕೆಲಸ ಮಾಡುತ್ತಿದ್ದ ಅಜ್ಜಿ. ಅವನು ಮನೆಯ ಹಿಂದಿನ ಕೋಣೆಯಲ್ಲಿ ಮೀನಿನ ಗಾಳಕ್ಕೆ ರೆಸಿನ್ನಿನ ನೊಣ ಎರೆಯುತ್ತಿದ್ದ, ಮೀನು ನಿಜವಾದ ನೊಣ ಎಂದು ನಂಬಿ ಕಚ್ಚುವಂಥದ್ದು. ಆ ನೊಣಕ್ಕೆ ನಾನು ಗರಿಯ ರೆಕ್ಕೆ, ನೂಲಿನ ಕಾಲು ಕಟ್ಟುತ್ತಿದ್ದೆ. “ಅಚ್ಚು ನಂದು, ಕಟ್ಟು ನಿಂದು ಅಜ್ಜಿ. ಎರಡೂ ಸೇರಿದ್ರೆ ಅಚ್ಚುಕಟ್ಟು” ಎನ್ನುತ್ತಿದ್ದ. ನೊಣ ಹೊಡೆಯುತ್ತ ಕೂರುವ ಗಂಡಸರನ್ನು ನಮ್ಮ ಬೀದಿ ಬೇಕಾದಷ್ಟು ಕಂಡಿದೆ. ನೊಣ ಮಾಡುತ್ತ ಕೂತವನು ಇವನೊಬ್ಬನೇ. ಅದಕ್ಕೇ ಆ ಹೆಸರು.

ಅವನ ನೊಣ ಕಂಡರೆ ಮೀನೇ ಕೈಮುಗಿಯುತ್ತಿತ್ತು ಎಂದು ಅಧ್ಯಕ್ಷರು ಹೇಳಿದರು. ಮೀನಿಗೆ ಕೈ ಎಲ್ಲಿದೆ ಸ್ವಾಮಿ? ಇರಲಿ. ಕೆಲಸ ಚೆನ್ನಾಗಿತ್ತು, ಅದು ಸುಳ್ಳಲ್ಲ.

ಆ ಕೆಲಸ ಹೇಗೆ ಅಂತ ಸ್ವಲ್ಪ ಕೇಳಿ. ಕೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೆಬ್ಬೆರಳಿನಷ್ಟು ದೊಡ್ಡ ರಬ್ಬರ್ ಅಚ್ಚು. ಅದರೊಳಗೆ ಗಾಳದ ಕೊಕ್ಕೆ ಕೂರಿಸಬೇಕು. ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಇನ್ನೊಂದು ದ್ರವ ತೂಗಿ ಹಾಕಿ ಕಡ್ಡಿಯಲ್ಲಿ ಕಲಸಬೇಕು — ಹೀಗೆ — ನಿಧಾನ, ಗುಳ್ಳೆ ಏಳಬಾರದು. ಸೂಜಿಯ ತುದಿಯಿಂದ ಹನಿ ಹನಿಯಾಗಿ ಬಿಡಬೇಕು. ಆಮೇಲೆ ಕಾಯಬೇಕು. ಅದು ಗಟ್ಟಿಯಾಗುವ ತನಕ ಒಂದು ಕಣ ಧೂಳು ಕೂತರೂ ಕೆಲಸ ಕೆಟ್ಟ ಹಾಗೆಯೇ.

ಒಂದು ಸಲ ಧೂಳಲ್ಲ, ನಿಜವಾದ ನೊಣವೇ ಕಿಟಕಿಯಿಂದ ಬಂದು ಹಸಿ ರೆಸಿನ್ನಿನ ಮೇಲೆ ಕೂತು ಅಂಟಿಕೊಂಡಿತು. “ನೋಡಜ್ಜಿ, ನೆಂಟನ ಥರ ಬಂದು ಮನೆ ಅಳಿಯ ಆಗ್ಬಿಟ್ಟ!” ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದ ಮೇಲೆ ನೋಡಿದರೆ ಅಚ್ಚುಗಳ ಇಡೀ ತಟ್ಟೆ ಧೂಳು ಹಿಡಿದು ಹಾಳಾಗಿತ್ತು.

“ಕಿಟಕಿ ಮುಚ್ಚಿಬಿಡೋಣ ಅಜ್ಜಿ” ಎಂದ.

“ಈ ನಾತಕ್ಕೇನೋ? ನನ್ನ ತಲೆ ಈಗ್ಲೇ ಗಿಮ್ ಅಂತಿದೆ.”

“ಡಬ್ಬಿ ಮೇಲೆ ಏನಾದ್ರೂ ಬರ್ದಿದಾರಾ ನೋಡು. ನನ್ನ ಕೈಯೆಲ್ಲ ಅಂಟು. ಕನ್ನಡಕಕ್ಕೂ ಮೆತ್ತಿದೆ.”

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಎರಡನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಆದರೂ ಯಾರಾದರೂ ‘ಓದು’ ಅಂದರೆ ನನಗೆ ಒಳಗೊಳಗೇ ಕೋಡು ಮೂಡುತ್ತದೆ. ಡಬ್ಬಿ ತಿರುಗಿಸಿದೆ. ಬೆಳಕಿಗೆ ಹಿಡಿದೆ. ಗಟ್ಟಿಯಾಗಿ ಓದಿದೆ — “ಗಾಳ ಇರುವ ಕಡೆ ಮಾತ್ರ ಬಳಸಿ.”

“ಇನ್ನೇನು ಮತ್ತೆ! ನಮ್ಮಲ್ಲಿ ಗಾಳ ಬಿಟ್ರೆ ಬೇರೇನಿದೆ? ನಮಗೋಸ್ಕರಾನೇ ಮಾಡಿದಾರೆ ಕಣಜ್ಜಿ!”

“ಬುದ್ಧಿವಂತರು ಕಣೋ” ಎಂದೆ ನಾನೂ.

ಕೆಲವರು ನಗುತ್ತಿದ್ದೀರಿ. ನಗಿ. ನಾವೂ ನಕ್ಕಿದ್ದೆವು.

ಅವತ್ತೇ ಅವನು ಹೆಂಡತಿಯನ್ನು ಕರೆದು ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸು ಎಂದ. ಅವಳು “ಉಸಿರು ಕಟ್ಟಲ್ವೇನ್ರೀ?” ಎಂದು ಕೇಳಿದಳು. ನಾನು ಆ ಮಾತನ್ನು ಈ ಕಿವಿಯಿಂದ ಕೇಳಿದ್ದೇನೆ. “ಏನೂ ಆಗಲ್ಲ, ನೀನು ಅಂಟಿಸು” ಎಂದ. ಅಂಟಿಸಿದಳು. ದಪ್ಪ ಬಟ್ಟೆಯ ಪರದೆಯನ್ನೂ ಹೊಲಿದು ಕೊಟ್ಟಳು. ನನ್ನ ಗರಿಯ ಪುಡಿ ಹಾರಿ ಬರುತ್ತದೆ ಎಂದು ನನ್ನನ್ನು ಹೊರಗಿನ ಜಗಲಿಗೆ ಅಟ್ಟಿದ. ಆರು ವರ್ಷ — ನಾನು ಹೊರಗೆ, ಅವನು ಒಳಗೆ. ನಾನು ಎಪ್ಪತ್ತನಾಲ್ಕು ವರ್ಷಕ್ಕೆ ನಿಮ್ಮ ಮುಂದೆ ಗುಂಡುಕಲ್ಲಿನ ಹಾಗೆ ನಿಂತಿದ್ದೇನೆ. ಅವನಿಗೆ ಐವತ್ತೊಂದು.

ಕೊನೆಗೆ ಬಾಗಿಲ ತನಕ ನಡೆದು ಬರುವುದಕ್ಕೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಆ ರೆಸಿನ್ನಿನ ಹಬೆಯೇ ಎದೆ ತಿಂದಿದೆ ಎಂದರು. ಕೋಣೆಗೆ ಕಿಟಕಿ ಇರಲಿಲ್ಲವೇ, ಮುಚ್ಚಿದವರು ಯಾರು ಎಂದು ಕೇಳಿದರು. ಇಲ್ಲಿ ಕೂತಿರುವ ಅವನ ಹೆಂಡತಿ “ನಾನೇ” ಎಂದಳು. ಅಷ್ಟೇ. ಅವನು ಹೇಳಿದ್ದಕ್ಕೆ ಎಂದು ಸೇರಿಸಲಿಲ್ಲ. ಅವನಿನ್ನೂ ಮಂಚದ ಮೇಲಿದ್ದನಲ್ಲ, ಅವನ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಹೊರಗೆ ಬಂದು ಅವನ ಅಕ್ಕ ಹೇಳಿದ ಮಾತು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. “ನನ್ನ ತಮ್ಮನ್ನ ಡಬ್ಬಿಯೊಳಗೆ ಹಾಕಿ ಮುಚ್ಚಳ ಹಾಕಿದ್ದು ಇವಳೇ.” ಮೂರು ತಿಂಗಳು ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಅವಳು ಅದನ್ನು ಹೇಳಿದಾಗ ನಾನೂ ಆಸ್ಪತ್ರೆಯ ಬೆಂಚಿನ ಮೇಲೆ ಅಲ್ಲೇ ಕೂತಿದ್ದೆ. ಅಲ್ಲ ಎನ್ನಲಿಲ್ಲ. ಹೌದೇನೋ ಅಂದುಕೊಂಡೆ — ಹೌದು ಮಗಳೇ, ಮುಚ್ಚಿದ್ದು ನೀನೇ ಎಂದು ನಾನೂ ಅಂದುಕೊಂಡೆ.

ಹೋದ ವಾರ ಕೋಣೆ ಖಾಲಿ ಮಾಡಲು ಹೋದೆ. ಮುಚ್ಚಳ ತೆಗೆಯದ ಹೊಸ ಡಬ್ಬಿ ಒಂದಿತ್ತು. ಅದೇ ಕಂಪನಿ, ಅದೇ ಬರಹ. ಓದಿದೆ. ‘ಗಾಳ’ ಅಲ್ಲ. ‘ಗಾಳಿ’. ಗಾಳಿ ಇರುವ ಕಡೆ ಮಾತ್ರ ಬಳಸಿ.

ಒಂದು ಗುಡಿಸು. ‘ಳ’ದ ತಲೆಯ ಮೇಲೆ ಒಂದು ಸುರುಳಿ.

ಅವತ್ತು ನಾನು ಓದಿದ್ದ ಹಳೆಯ ಡಬ್ಬಿಯಲ್ಲಿ ಅವನು ಕಲಸುವ ಕಡ್ಡಿ ಇಡುತ್ತಿದ್ದ; ಅದನ್ನು ಹುಡುಕಿ ಪಕ್ಕದಲ್ಲಿಟ್ಟೆ. ಆ ಸುರುಳಿಯ ಮೇಲೆಯೇ ಸಾಸಿವೆಯಷ್ಟು ರೆಸಿನ್ ಬಿದ್ದು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದೆ, ಬಿಡಲಿಲ್ಲ. ಆ ಹನಿಯ ಮೇಲೆ ತಪ್ಪು ಹೊರಿಸಿ ಮನೆಗೆ ಹೋಗಬಹುದಿತ್ತು. ಆದರೆ ಅದರ ಕೆಳಗೆ ಇನ್ನೊಂದು ಸಾಲಿದೆ — ‘ಕಿಟಕಿ ತೆರೆದಿರಲಿ.’ ಅಕ್ಷರ ಸಣ್ಣದು ಎಂದು ಅವತ್ತು ನಾನು ಅದನ್ನು ಓದಲೇ ಇಲ್ಲ. ಅದರ ಮೇಲೆ ಯಾವ ಹನಿಯೂ ಬಿದ್ದಿಲ್ಲ.

ಈ ಮಾತು ಹೇಳಬೇಡ ಎಂದು ಅವನ ಮಗಳೇ ಬಾಗಿಲಲ್ಲಿ ನನ್ನನ್ನು ತಡೆದಳು. “ಬಿಡಿ ಅಜ್ಜಿ, ನಿಮಗೂ ವಯಸ್ಸಾಯ್ತು” ಎಂದಳು. ವಯಸ್ಸಾದದ್ದು ನನಗೆ, ಬೈಗುಳ ತಿನ್ನುತ್ತಿರುವುದು ನಿನ್ನಮ್ಮ. ಅದೆಲ್ಲಿಯ ನ್ಯಾಯ?

ಏನಂದೆಯಮ್ಮ? — ಜೋರಾಗಿ ಹೇಳು, ಅಕ್ಕನಾದವಳು ನೀನು. — “ಈಗ ಹೇಳಿ ಏನು ಬಂತು” ಅಂದೆಯಾ?

ಏನೂ ಬರಲಿಲ್ಲ. ನಿನ್ನ ಮಾತು ಸರಿ. ಹೇಳಿದರೆ ಎದೆ ಹಗುರ ಆಗುತ್ತದೆ ಅಂತಾರೆ, ಅದೂ ಸುಳ್ಳು. ಅವನು ಬರುವುದಿಲ್ಲ. ಇವಳಿಗೆ ನಿದ್ದೆ ಬರುವುದಿಲ್ಲ. ಟೇಪು ಅಂಟಿಸಿದ್ದು ನನ್ನ ಕೈಯೇ ತಾನೇ ಎಂದು ಇವಳು ಸಾಯುವ ತನಕ ಕೈ ನೋಡಿಕೊಳ್ಳುತ್ತಾಳೆ, ನನಗೆ ಗೊತ್ತು. ನಲವತ್ತು ಅಚ್ಚು ಅಲ್ಲಿ ಬಿದ್ದಿವೆ, ಎರೆಯುವವರಿಲ್ಲ. ಸಂಘದವರು ನಾಳೆ ನನ್ನ ಹತ್ತಿರ ನೊಣ ಕೇಳಬೇಡಿ. ಕಟ್ಟಲು ನನ್ನ ಬೆರಳು ಏಳುವುದಿಲ್ಲ.

ಆದರೂ ಹೇಳಿದೆ. ಏಕೆಂದರೆ ಅವಳು ತಿನ್ನುತ್ತಿರುವುದು ನನ್ನ ಪಾಲಿನದು. ಮುಚ್ಚಳ ಹಾಕಿದ್ದು ನಾನು. ಇನ್ನು ಮುಂದೆ ಬೈಯುವವರು ಹೆಸರು ಸರಿಯಾಗಿ ಹಿಡಿದು ಬೈಯಿರಿ. ನನ್ನ ಮನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು.

ಅವನ ಕೈಹಿಡಿದವಳೇ, ನೀನು ಹಾಗೆ ತಲೆ ಅಲ್ಲಾಡಿಸಬೇಡ. ನನ್ನನ್ನು ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಈಗ ಎಲ್ಲರೂ ಏಳಿ. ಮಂಡಿ ನೋವಿದ್ದವರು ಕುರ್ಚಿ ಹಿಡಿದುಕೊಂಡು ಏಳಿ. ಅವನ ಆತ್ಮಕ್ಕೆ ಶಾಂತಿ ಕೇಳುವ ಮುಖ ನನಗಿಲ್ಲ. ನಿಮಗಿದೆ, ನೀವು ಕೇಳಿ. ನೋಡಮ್ಮ, ಅಕ್ಕನಾದವಳೇ — ಆ ತುದಿಯಿಂದ ಇತ್ತ ಬಂದು ನಿನ್ನ ತಮ್ಮನ ಹೆಂಡತಿಯ ಪಕ್ಕ ನಿಲ್ಲು. ಕೈ ಹಿಡಿಯಬೇಡ, ಮಾತಾಡಬೇಡ, ಸುಮ್ಮನೆ ನಿಲ್ಲು.

ಬರುವುದಿಲ್ಲವೇ?

ಸರಿ. ಹಾಗಾದರೆ ಅಲ್ಲೇ ನಿಲ್ಲು.

ಉಳಿದವರು ತಲೆ ತಗ್ಗಿಸಿ. ಒಂದು ನಿಮಿಷ — ಯಾರೂ ಏನೂ ಅನ್ನಬೇಡಿ.